ಈ ಮಾತ್ರೆ ಈಗ ಯಾಕೆ ತಗೋತಿದ್ದೀರಿ?

ಎಲ್ಲರಿಗೂ ನಮಸ್ಕಾರ.

ಬರುವಾಗ ಮನೆಯಲ್ಲಿರುವ ನೋವಿನ ಮಾತ್ರೆಯ ಸ್ಟ್ರಿಪ್ ತನ್ನಿ ಎಂದು ಹೇಳಿ ಕಳಿಸಿದ್ದೆ. ತುಂಬಾ ಜನ ತಂದಿದ್ದೀರಿ, ಸಂತೋಷ. ಈಗ ಅದನ್ನು ತಿರುಗಿಸಿ ನೋಡಿ. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರುವುದು ಔಷಧದ ನಿಜವಾದ ಹೆಸರು. ಓದಲು ಆಗದಿದ್ದರೆ ಪಕ್ಕದಲ್ಲಿ ಕೂತ ಮಕ್ಕಳ ಕೈಗೆ ಕೊಡಿ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂತಷ್ಟೇ ಇದ್ದರೆ ಇವತ್ತಿನ ಮಾತು ಆ ಮಾತ್ರೆಯದ್ದಲ್ಲ. ಅವನ್ನೂ ಜಾಸ್ತಿ ನುಂಗಿದರೆ ಹೊಟ್ಟೆ, ಕಿಡ್ನಿ, ಲಿವರ್‌ಗೆ ಪೆಟ್ಟು ಬೀಳುತ್ತದೆ, ಆದರೆ ಚಟ ಹಿಡಿಸುವ ಜಾತಿಯವಲ್ಲ. ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಪೆಂಟಜೋಸಿನ್, ಮಾರ್ಫಿನ್ ಅಂತ ಇದ್ದರೆ ಅದು ಓಪಿಯಾಯ್ಡ್, ಅಫೀಮಿನ ಮನೆತನದ್ದು. ಎಷ್ಟೋ ಸಲ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಒಂದೇ ಮಾತ್ರೆಯಲ್ಲಿರುತ್ತವೆ. ಅದಕ್ಕೇ ಪೂರ್ತಿ ಓದಿ ಅಂದೆ.

ನನ್ನ ಹತ್ತಿರ ಬಂದಿದ್ದ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ತರಕಾರಿ ಸಾಗಿಸುವ ಟೆಂಪೋ ಓಡಿಸುವವರು. ಮೂಟೆ ಎತ್ತಿ ಬೆನ್ನು ಹಿಡಿದುಕೊಂಡಿತ್ತು. ಹತ್ತು ದಿನಕ್ಕೆಂದು ಟ್ರಮಡಾಲ್ ಬರೆದುಕೊಟ್ಟಿದ್ದರು. ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಬಚ್ಚಲಿನಲ್ಲಿ ಫಿಟ್ಸ್ ಬಂದು ಬಿದ್ದರು. ಹೆಂಡತಿ ಟೆಂಪೋ ಹುಡುಕಿದಾಗ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರ್‌ಗಳ ಕೆಳಗೆ ಖಾಲಿ ಸ್ಟ್ರಿಪ್‌ಗಳ ಕಟ್ಟು ಸಿಕ್ಕಿತು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಪರ್ಸಿನಲ್ಲಿ ಅದೇ ಹಳೇ ಚೀಟಿ. ಮಡಚಿ ಮಡಚಿ ನಾಲ್ಕು ತುಂಡಾಗಿತ್ತು, ಹಿಂದೆ ಸೆಲ್ಲೋ ಟೇಪ್. ಅದರ ಜೆರಾಕ್ಸ್ ತೆಗೆಸಿ ಬೇರೆ ಬೇರೆ ಮೆಡಿಕಲ್ ಶಾಪ್‌ಗಳಲ್ಲಿ ತೋರಿಸುತ್ತಿದ್ದರು.

ಆ ತಾಯಿ ನನ್ನನ್ನು ಕೇಳಿದ್ದು ಇಷ್ಟು: "ಡಾಕ್ಟ್ರೇ, ನಮ್ಮ ಯಜಮಾನ್ರು ಕುಡಿಯಲ್ಲ, ಬೀಡಿ ಸೇದಲ್ಲ. ಚಟ ಅಂದ್ರೆ ನಾನು ಹೆಂಗೆ ನಂಬಲಿ?"

ನಾನು ಟೆಂಪೋದವರನ್ನು ಕೇಳಿದೆ, ಈ ಮಾತ್ರೆ ಈಗ ಯಾಕೆ ತಗೋತಿದ್ದೀರಿ? ತುಂಬಾ ಹೊತ್ತು ತಲೆ ತಗ್ಗಿಸಿಕೊಂಡಿದ್ದರು. ಆಮೇಲೆ ಹೇಳಿದರು: "ಬೆನ್ನು ನೋವು ಹೋಗಿ ವರ್ಷ ಆಯ್ತು ಸಾರ್. ತಗೊಳ್ಳದಿದ್ರೆ ಎದ್ದೇಳೋಕಾಗಲ್ಲ. ಮೂಗು ಸೋರುತ್ತೆ, ಒಂದೇ ಸಮ ಆಕಳಿಕೆ, ಮೂಳೆ ಒಳಗೆಲ್ಲ ಹಿಂಡಿದ ಹಾಗೆ."

ಗಮನಿಸಿದಿರಾ? ನೋವಿಗೆ ಶುರುವಾದ ಮಾತ್ರೆ, ಈಗ ಮಾತ್ರೆ ಇಲ್ಲದ ಸಂಕಟಕ್ಕೆ ಬೇಕಾಗಿದೆ. ಈ ಕಾಯಿಲೆಯನ್ನು ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ಸರಳ ಪ್ರಶ್ನೆ ಇದು. ಜಗಳವಾಡದೆ, ಬಯ್ಯದೆ, ಮನೆಯಲ್ಲಿ ಯಾರು ಬೇಕಾದರೂ ಕೇಳಬಹುದು.

ಹೀಗೆ ಯಾಕಾಗುತ್ತದೆ? ನಮ್ಮ ಮಿದುಳಿನಲ್ಲಿ ಓಪಿಯಾಯ್ಡ್ ಬಂದು ಕೂರುವ ಜಾಗಗಳಿವೆ. ಅವು ನಮ್ಮ ದೇಹವೇ ತಯಾರಿಸುವ ನೋವು ನಿವಾರಕಗಳಿಗಾಗಿ ಇರುವ ಸೀಟುಗಳು. ಹೊರಗಿನಿಂದ ದಿನಾ ಮಾತ್ರೆ ಬಂದು ಕೂತರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಒಂದು ಮಾತ್ರೆಯ ಕೆಲಸಕ್ಕೆ ಎರಡು ಬೇಕು, ಆಮೇಲೆ ನಾಲ್ಕು. ನಿಲ್ಲಿಸಿದರೆ ಮೈ ತಿರುಗಿ ಬೀಳುತ್ತದೆ: ಕಣ್ಣಲ್ಲಿ ನೀರು, ಭೇದಿ, ಮೈ ಜುಮ್ಮೆನ್ನುವುದು, ನಿದ್ದೆ ಇಲ್ಲ, ಕಾಲು ಒಂದೆಡೆ ನಿಲ್ಲುವುದಿಲ್ಲ. ಟ್ರಮಡಾಲ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಬರುವ ಸಾಧ್ಯತೆ ಏರುತ್ತದೆ. ಟೆಂಪೋದವರು ದಿನಕ್ಕೆ 50 ಮಿಲಿಗ್ರಾಂನ ಹನ್ನೆರಡು ಮಾತ್ರೆ ನುಂಗುತ್ತಿದ್ದರು. ಲೆಕ್ಕ ನೀವೇ ಹಾಕಿ.

ಆದರೆ ಮೈ ಒಗ್ಗಿಕೊಂಡ ಮಾತ್ರಕ್ಕೆ ಚಟ ಅಲ್ಲ. ಡಾಕ್ಟರ್ ಹೇಳಿದಷ್ಟೇ, ಹೇಳಿದ ಹೊತ್ತಿಗೇ ತಿಂಗಳುಗಟ್ಟಲೆ ತಗೊಂಡ ಅಜ್ಜಿಗೂ ನಿಲ್ಲಿಸಿದಾಗ ಈ ಸಂಕಟ ಬರಬಹುದು. ಅವರನ್ನು ಚಟದವರು ಅನ್ನಬಾರದು. ಹತೋಟಿ ತಪ್ಪುವುದು ಬೇರೆ. ಹೇಳಿದ್ದಕ್ಕಿಂತ ಜಾಸ್ತಿ ತಗೊಳ್ಳುವುದು. ಬಿಡಬೇಕೆಂದು ಹೊರಟು ಮತ್ತೆ ಮತ್ತೆ ಸೋಲುವುದು. ಮಾತ್ರೆ ಹುಡುಕುವುದರಲ್ಲೇ ಅರ್ಧ ದಿನ ಹೋಗುವುದು. ಕೆಲಸ ಕೆಟ್ಟರೂ, ಮನೆಯಲ್ಲಿ ಮುಖ ಮುರಿದರೂ ನಿಲ್ಲಿಸಲಾಗದಿರುವುದು. ಚೀಟಿ ಕಳೆದುಹೋಯಿತು ಎಂದು ಪದೇ ಪದೇ ಬರುವುದು. ಇವನ್ನು ಕಂಡರೆ ಮನೋವೈದ್ಯರ ಹತ್ತಿರ ಬನ್ನಿ.

ಇದು ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ನೂರಕ್ಕೆ ಸುಮಾರು ಒಬ್ಬರು, ಸರಿಯಾಗಿ ಹೇಳಬೇಕೆಂದರೆ 0.96 ಮಂದಿ, ಔಷಧದ ರೂಪದ ಓಪಿಯಾಯ್ಡನ್ನು ಚಿಕಿತ್ಸೆಗಲ್ಲದೆ ಬಳಸುತ್ತಿದ್ದರು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದರು. ಅದಕ್ಕೂ ಮೊದಲೇ ಅದು ಎಚ್1 ಪಟ್ಟಿಯಲ್ಲಿತ್ತು. ಆ ಪಟ್ಟಿಯ ಔಷಧ ಮಾರಿದರೆ ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಇಲ್ಲಿ ಮೆಡಿಕಲ್ ಶಾಪ್‌ನವರೂ ಬಂದಿದ್ದೀರಿ. ದಯವಿಟ್ಟು ಆ ರಿಜಿಸ್ಟರ್ ಸುಮ್ನೆ ಬರೆಯುವ ಪುಸ್ತಕ ಅಂದುಕೊಳ್ಳಬೇಡಿ. ಅದೇ ಹೆಸರು ತಿಂಗಳಿಗೆ ನಾಲ್ಕು ಸಲ ಬಂದರೆ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ನಿಮಗೆ.

ನಾವು ಡಾಕ್ಟರುಗಳೂ ಮೈಮರೆಯುತ್ತೇವೆ. 1980ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಪತ್ರ ಬಂತು. ಬರೀ ಐದು ವಾಕ್ಯ. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಪಡೆದ 11,882 ಜನರಲ್ಲಿ ನಾಲ್ಕೇ ಜನಕ್ಕೆ ಚಟ ಹತ್ತಿದ ದಾಖಲೆ ಇದೆ ಅಂತ. ಅವರು ವಾರ್ಡಿನಲ್ಲಿ ನರ್ಸ್ ಕಣ್ಣೆದುರು ಔಷಧ ಪಡೆದವರು. ಆದರೆ ಮುಂದೆ ಆ ಪತ್ರವನ್ನೇ ತೋರಿಸಿ, ಮನೆಗೆ ಒಯ್ದು ವರ್ಷಗಟ್ಟಲೆ ನುಂಗಿದರೂ ಏನೂ ಆಗದು ಎಂಬ ನಂಬಿಕೆ ಹರಡಿದರು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆ ಅಲ್ಲಿನ ಮಾರುಕಟ್ಟೆಗೆ ಬಂತು. ಅದರ ಕಂಪನಿ ಪರ್ಡ್ಯೂ, ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದನ್ನು 2007ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳಿಗೆ ಆ ಮಾತ್ರೆ ಹೊಕ್ಕಿತ್ತು.

ಇನ್ನು ಚಿಕಿತ್ಸೆ. ಮೊದಲಿಗೆ ನನ್ನದೇ ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನಿಗೆ "ನಾಳೆಯಿಂದ ಒಂದೂ ಮುಟ್ಟಬೇಡ, ಮನಸ್ಸು ಗಟ್ಟಿ ಮಾಡ್ಕೋ" ಎಂದು ಕಳಿಸಿದೆ. ಅವನು ಮತ್ತೆ ಬರಲೇ ಇಲ್ಲ. ಮೂರನೇ ದಿನ ಅವನು ಎಷ್ಟು ಒದ್ದಾಡಿರಬಹುದು ಎಂದು ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಮ್ಮೆಲೇ ನಿಲ್ಲಿಸಬೇಡಿ, ನಿಲ್ಲಿಸು ಎಂದು ಬಲವಂತವನ್ನೂ ಮಾಡಬೇಡಿ. ಮಾತ್ರೆ ಕಿತ್ತು ಚರಂಡಿಗೆ ಎಸೆಯುವ ಅಪ್ಪ ಅಮ್ಮಂದಿರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅದರಿಂದ ಕಾಯಿಲೆ ಹೋಗುವುದಿಲ್ಲ.

ಚಟವಾಗಿರದೆ ಮೈ ಮಾತ್ರ ಒಗ್ಗಿಕೊಂಡವರಿಗೆ ಡಾಕ್ಟರ್ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಹತೋಟಿ ತಪ್ಪಿದವರಿಗೆ ಬುಪ್ರೆನಾರ್ಫಿನ್ ಎಂಬ ಔಷಧ ಇದೆ. ನಾಲಿಗೆ ಕೆಳಗಿಟ್ಟು ಕರಗಿಸುವುದು, ನುಂಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. "ಅದೂ ಓಪಿಯಾಯ್ಡೇ ಅಲ್ವಾ, ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತೀರಾ?" ಎಂದು ದಿನಾ ಕೇಳುತ್ತಾರೆ. ಆಗಲೇ ಸೀಟು ಅಂದೆನಲ್ಲ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ ನೋಡಿ, ಬುಪ್ರೆನಾರ್ಫಿನ್ ಹಾಗೆ. ಸೀಟನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬೇರೆಯವರನ್ನು ಕೂರಲು ಬಿಡುವುದಿಲ್ಲ. ಆದರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಸಂಕಟ ನಿಲ್ಲುತ್ತದೆ, ಆಸೆ ತಗ್ಗುತ್ತದೆ, ಅಮಲಿನ ಏರಿಳಿತ ಇರುವುದಿಲ್ಲ. ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ಇದನ್ನು ಚಟ ಅನ್ನುವುದು ಅನ್ಯಾಯ. ಶುಗರ್ ಇದ್ದವರು ದಿನಾ ಇನ್ಸುಲಿನ್ ಚುಚ್ಚಿಕೊಂಡರೆ ನಾವು ಏನಾದರೂ ಅನ್ನುತ್ತೇವಾ? ಒಂದು ಎಚ್ಚರಿಕೆ: ಹಳೇ ಮಾತ್ರೆಯ ಪ್ರಭಾವ ಇಳಿದು ಸಂಕಟ ಶುರುವಾದ ಮೇಲೇ ಇದನ್ನು ಕೊಡಬೇಕು. ಅವಸರಪಟ್ಟರೆ ಸಂಕಟ ಒಮ್ಮೆಲೇ ಉಕ್ಕುತ್ತದೆ. ಸ್ವಂತ ಪ್ರಯೋಗ ಬೇಡವೇ ಬೇಡ.

ಎಷ್ಟು ದಿನ ಅಂತ ಕೇಳಬೇಡಿ. ಕೆಲವರಿಗೆ ತಿಂಗಳು, ಎಷ್ಟೋ ಜನಕ್ಕೆ ವರ್ಷಗಳು. ಬೇಗ ನಿಲ್ಲಿಸಿದವರು ಮತ್ತೆ ಹಳೇ ಮಾತ್ರೆಗೆ ಬೀಳುವುದು ಜಾಸ್ತಿ. ಪ್ರಾಣಕ್ಕೆ ಕುತ್ತು ಬರುವುದೂ ಆಗಲೇ. ಬಿಟ್ಟು ಕೆಲವು ವಾರ ಆದ ಮೈಗೆ ಹಳೇ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಕೂಗಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಮಗ್ಗುಲಿಗೆ ಮಲಗಿಸಿ. ಆಸ್ಪತ್ರೆಯಲ್ಲಿ ಓಪಿಯಾಯ್ಡಿನ ಪ್ರಭಾವ ತಡೆಯುವ ನಲೊಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಎಚ್ಚರವಾಯಿತು ಎಂದು ಮನೆಗೆ ಕರೆತರಬೇಡಿ, ಆ ಇಂಜೆಕ್ಷನ್ ಬೇಗ ಇಳಿದುಹೋಗುತ್ತದೆ. ಈ ಮಾತ್ರೆಯ ಜೊತೆ ಮದ್ಯ, ನಿದ್ದೆ ಮಾತ್ರೆ ಸೇರಿದರೆ ಇನ್ನೂ ಬೇಗ ಉಸಿರು ನಿಲ್ಲುತ್ತದೆ.

ಇಷ್ಟೆಲ್ಲ ಕೇಳಿ ಯಾರಾದರೂ ಮನೆಗೆ ಹೋಗಿ ಕ್ಯಾನ್ಸರ್ ಇರುವ ಅಮ್ಮನ ಮಾರ್ಫಿನ್ ಬಚ್ಚಿಟ್ಟರೆ ನನ್ನ ಮಾತು ವ್ಯರ್ಥ. ಅವರಿಗೆ ಅದು ಬೇಕು. ಈ ಮಾತ್ರೆ ಈಗ ಯಾಕೆ ಅಂದರೆ ಅವರ ಬಳಿ ಉತ್ತರವಿದೆ: ನೋವು. ಮಾರ್ಫಿನ್ ಸಿಗುವುದು ಕಷ್ಟವಾಗಿದೆ ಎಂದೇ 2014ರಲ್ಲಿ ಕಾನೂನು ತಿದ್ದಿದರು. ಹೊತ್ತಿಗೆ ಸರಿಯಾಗಿ ಕೊಡಿ.

ಟೆಂಪೋದವರು ಈಗ ಮತ್ತೆ ಗಾಡಿ ಹತ್ತಿದ್ದಾರೆ. ಫಿಟ್ಸ್ ಬಂದಿದ್ದರಿಂದ ಡ್ರೈವಿಂಗ್ ಎಷ್ಟೋ ತಿಂಗಳು ಬಿಡಿಸಿದ್ದೆ, ಆಗ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆಳಗ್ಗೆ ಹೆಂಡತಿ ಮಾತ್ರೆ ಕೊಡುತ್ತಾರೆ. ನಾಲಿಗೆ ಕೆಳಗೆ ಅದು ಪೂರ್ತಿ ಕರಗುವವರೆಗೆ ಇಬ್ಬರೂ ಜಗಲಿಯ ಮೇಲೆ ಸುಮ್ನೆ ಕೂರುತ್ತಾರೆ. ಆಮೇಲೆ ಕಾಫಿ.

ದೂರದಿಂದ ಬಂದವರು ಬರೆದುಕೊಳ್ಳಿ: ಚಟ ಬಿಡಿಸುವ ಸಹಾಯಕ್ಕೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕೇಳಬಹುದು.

ನಾನು ಇಲ್ಲೇ ಮೇಜಿನ ಹತ್ತಿರ ಇರುತ್ತೇನೆ. ಸ್ಟ್ರಿಪ್ ತಂದವರು ಒಬ್ಬೊಬ್ಬರಾಗಿ ಬನ್ನಿ, ಹಿಂದಿನ ಸಣ್ಣ ಅಕ್ಷರ ಒಟ್ಟಿಗೆ ಓದೋಣ.