ಅಪ್ಪನಿಗೆ ತೆರೆದಿದ್ದ ಲೀಗ್ ಮಗನಿಗೆ ಮುಚ್ಚಿತ್ತು

ನಮಸ್ಕಾರ. ‘ಮೊದಲಿಗರು’ ಎಂಬ ಪಟ್ಟಿಗಳ ಮೇಲೆ ನನಗೊಂದು ತಕರಾರಿದೆ. ಮೊದಲ ಕಪ್ಪು ಆಟಗಾರ, ಮೊದಲ ಕಪ್ಪು ತರಬೇತುದಾರ ಎಂದು ಓದಿದ ಕೂಡಲೇ, ಅವರ ಬೆನ್ನ ಹಿಂದೆಯೇ ಎರಡನೆಯವರು, ಮೂರನೆಯವರು ಸಾಲುಗಟ್ಟಿ ಬಂದಿರಬೇಕು ಎಂದುಕೊಂಡುಬಿಡುತ್ತೇವೆ. ಅಮೆರಿಕನ್ ಫುಟ್‌ಬಾಲ್ ಆಟಗಾರ ಫ್ರಿಟ್ಜ್ ಪೊಲಾರ್ಡ್ ಅವರ ಬದುಕನ್ನು ನೋಡಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ.

ಅಮೆರಿಕನ್ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಎದುರಾಳಿಗಳು ಮೈಮೇಲೆ ಬಿದ್ದು ಅವನನ್ನು ಕೆಡವುತ್ತಾರೆ. ಪೊಲಾರ್ಡ್ ಓಡುವವರ ಪೈಕಿ. ಎತ್ತರ ಸುಮಾರು ಐದೂಮುಕ್ಕಾಲು ಅಡಿ, ತೂಕ ಹತ್ತಿರಹತ್ತಿರ 75 ಕಿಲೋ. ಕೆಳಗೆ ಬಿದ್ದವರ ಮೇಲೆ ಬೇಕೆಂದೇ ಇನ್ನೂ ನಾಲ್ಕು ಜನ ಬಂದು ಬೀಳುತ್ತಿದ್ದ ಕಾಲ ಅದು. ಬಿದ್ದವನು ಕಪ್ಪು ಮನುಷ್ಯನಾದರೆ ಕೇಳಲೇಬೇಡಿ. ಅದಕ್ಕೆ ಪೊಲಾರ್ಡ್ ಒಂದು ಉಪಾಯ ಕಂಡುಕೊಂಡಿದ್ದರು. ಬಿದ್ದ ತಕ್ಷಣ ಅಂಗಾತ ಹೊರಳಿ, ಮೊಳೆಯ ಬೂಟಿನ ಕಾಲುಗಳನ್ನು ಮೇಲೆತ್ತಿ ಸೈಕಲ್ ತುಳಿದಂತೆ ಗರಗರ ತಿರುಗಿಸುತ್ತಿದ್ದರು. ಯಾರು ಹತ್ತಿರ ಬರುತ್ತಾರೆ, ಬರಲಿ! ಅವರ ಸಾಧನೆಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು, ಯಾವ ಅಂಕಪಟ್ಟಿಯಲ್ಲೂ ಇಲ್ಲದ ಈ ಬುದ್ಧಿವಂತಿಕೆಯೇ.

ಹುಟ್ಟಿದ್ದು 1894ರಲ್ಲಿ, ಶಿಕಾಗೋದಲ್ಲಿ. ಬ್ರೌನ್ ವಿಶ್ವವಿದ್ಯಾಲಯದ ಪರವಾಗಿ 1916ರ ಜನವರಿ 1ರಂದು ರೋಸ್ ಬೌಲ್ ಎಂಬ ಪ್ರತಿಷ್ಠಿತ ಕಾಲೇಜು ಪಂದ್ಯ ಆಡಿದರು. ಆ ಪಂದ್ಯದಲ್ಲಿ ಕಣಕ್ಕಿಳಿದ ಮೊದಲ ಕಪ್ಪು ಆಟಗಾರ ಅವರೇ. ಬ್ರೌನ್ ತಂಡ ಸೋತಿತು, ಅದು ಬೇರೆ ಮಾತು. ಒಹಾಯೋ ರಾಜ್ಯದ ಆಕ್ರನ್ ಎಂಬ ಊರಿನ ತಂಡ 1919ರಲ್ಲಿ ಅವರನ್ನು ಕರೆಸಿಕೊಂಡಿತು. ಮರುವರ್ಷವೇ ಹೊಸ ವೃತ್ತಿಪರ ಲೀಗ್ ಹುಟ್ಟಿತು. ಇಂದು ನಾವು ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಎನ್ನುವುದು ಅದನ್ನೇ. ಆ ಮೊದಲ ಋತುವಿನಲ್ಲಿ ಆಕ್ರನ್ ಒಂದು ಪಂದ್ಯವನ್ನೂ ಸೋಲಲಿಲ್ಲ: ಎಂಟು ಗೆಲುವು, ಮೂರು ಸಮ. ಲೀಗಿನ ಮೊಟ್ಟಮೊದಲ ಚಾಂಪಿಯನ್ ತಂಡದ ಮುಖ್ಯ ಓಟಗಾರ ಒಬ್ಬ ಕಪ್ಪು ಮನುಷ್ಯ.

ಆದರೆ ತವರು ಮೈದಾನದಲ್ಲೇ ಅವರು ಉಳಿದ ಆಟಗಾರರ ಜೊತೆ ಬಟ್ಟೆ ಬದಲಿಸುವಂತಿರಲಿಲ್ಲ. ತಂಡದ ಮಾಲೀಕರೊಬ್ಬರ ಸಿಗಾರ್ ಮಳಿಗೆಯಲ್ಲಿ ಸಮವಸ್ತ್ರ ತೊಟ್ಟು, ಅಲ್ಲಿಂದ ಕಾರಿನಲ್ಲಿ ಮೈದಾನಕ್ಕೆ ಬರುತ್ತಿದ್ದುದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಗೆದ್ದಾಗ ನಮ್ಮವನು, ಬಟ್ಟೆ ಬದಲಿಸುವಾಗ ಹೊರಗಿನವನು.

1921ರಲ್ಲಿ ಆಡುತ್ತಲೇ ಆಕ್ರನ್ ತಂಡಕ್ಕೆ ತರಬೇತುದಾರರೂ ಆದರು, ಎಲ್ಜಿ ಟೋಬಿನ್ ಜೊತೆಗೂಡಿ. ಈ ಜಂಟಿ ಹೊಣೆಯನ್ನೇ ಹಿಡಿದುಕೊಂಡು ‘ಅವರು ನಿಜವಾಗಿ ಮುಖ್ಯ ತರಬೇತುದಾರರೇ?’ ಎಂದು ಕೂದಲು ಸೀಳುವವರಿದ್ದಾರೆ. ಸೀಳಲಿ. ಬಿಳಿಯರ ತಂಡಕ್ಕೆ ಆಟ ಹೇಳಿಕೊಡುವ ಜಾಗದಲ್ಲಿ 1921ರಲ್ಲೇ ಕಪ್ಪು ಮನುಷ್ಯನೊಬ್ಬ ನಿಂತಿದ್ದ ಎಂಬುದು ಅದರಿಂದ ಅಳಿಸಿಹೋಗುವುದಿಲ್ಲ. ಹಾಡುಗಾರನಾಗಿ ಜಗತ್ತಿಗೆ ಗೊತ್ತಾಗುವ ಮೊದಲು ಪಾಲ್ ರೋಬ್ಸನ್ ಕೂಡ ಅದೇ ವರ್ಷ ಆಕ್ರನ್ ಪರ ಆಡಿದ್ದರು; ಅವರನ್ನು ಕರೆತಂದವರು ಪೊಲಾರ್ಡ್.

ಮಿಲ್ವಾಕೀ, ಹ್ಯಾಮಂಡ್, ಪ್ರಾವಿಡೆನ್ಸ್ ತಂಡಗಳಲ್ಲೂ ಆಡಿದರು. 1926ರ ನಂತರ ಲೀಗಿನಲ್ಲಿ ಅವರಿಗೆ ಜಾಗವಿರಲಿಲ್ಲ. ಬಾಗಿಲು ಒಮ್ಮೆಗೇ ಮುಚ್ಚಲಿಲ್ಲ. ಕಪ್ಪು ಆಟಗಾರರು ಒಬ್ಬೊಬ್ಬರಾಗಿ ಕಡಿಮೆಯಾದರು, 1934ರ ಹೊತ್ತಿಗೆ ಒಬ್ಬರೂ ಉಳಿಯಲಿಲ್ಲ. ಲಿಖಿತ ನಿಯಮ ಯಾವುದೂ ಇರಲಿಲ್ಲ. ನಿಯಮವಿದ್ದರೆ ಅದನ್ನು ಎತ್ತಿ ತೋರಿಸಿ ಪ್ರಶ್ನಿಸಬಹುದಿತ್ತು. ಮಾಲೀಕರ ಒಳ ಒಪ್ಪಂದವನ್ನು ಯಾರು ಪ್ರಶ್ನಿಸಬೇಕು? ಪೊಲಾರ್ಡ್ ಸುಮ್ಮನೆ ಕೂರಲಿಲ್ಲ. ಕಪ್ಪು ಆಟಗಾರರದೇ ತಂಡಗಳನ್ನು ಕಟ್ಟಿದರು. ಅವುಗಳಲ್ಲಿ ಒಂದಕ್ಕೆ ಬಾಕ್ಸರ್ ಜೋ ಲೂಯಿಸ್ ಅವರ ಬಿರುದಾದ ಬ್ರೌನ್ ಬಾಂಬರ್ ಎಂಬುದನ್ನೇ ಹೆಸರಾಗಿ ಇಟ್ಟುಕೊಂಡಿದ್ದರು.

ನನ್ನನ್ನು ಹೆಚ್ಚು ಕಾಡುವುದು ಅವರ ಮಗನ ಕಥೆ. ಫ್ರಿಟ್ಜ್ ಪೊಲಾರ್ಡ್ ಜೂನಿಯರ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಗೆದ್ದರು. ಹಿಟ್ಲರನ ಊರಿನಲ್ಲಿ ಅಮೆರಿಕದ ಬಾವುಟಕ್ಕಾಗಿ ಓಡಿದ ಹುಡುಗ. ನಾರ್ತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲನ್ನೂ ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಅಪ್ಪ ಮೊದಲ ಪ್ರಶಸ್ತಿ ಗೆದ್ದುಕೊಟ್ಟ ಅದೇ ಲೀಗಿನಲ್ಲಿ ಮಗನ ಬಣ್ಣದವರಿಗೆ ಪ್ರವೇಶವೇ ಇರಲಿಲ್ಲ. ಕಾಲ ಕಳೆದಂತೆ ಎಲ್ಲವೂ ತಾನಾಗಿಯೇ ಸುಧಾರಿಸುತ್ತದೆ ಎನ್ನುವವರು ಈ ಅಪ್ಪ-ಮಗನನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಒಮ್ಮೆ ಲೆಕ್ಕ ಹಾಕಬೇಕು.

1946ರಲ್ಲಿ ಲಾಸ್ ಏಂಜಲೀಸ್ ತಂಡ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಎಂಬ ಕಪ್ಪು ಆಟಗಾರರನ್ನು ಸೇರಿಸಿಕೊಂಡಿತು. ಅದೂ ಮನಃಪರಿವರ್ತನೆಯಿಂದಲ್ಲ, ಸಾರ್ವಜನಿಕ ಹಣದಲ್ಲಿ ಕಟ್ಟಿದ ಕ್ರೀಡಾಂಗಣ ಬೇಕಿದ್ದರೆ ಕಪ್ಪು ಆಟಗಾರರನ್ನು ಹೊರಗಿಡುವಂತಿಲ್ಲ ಎಂಬ ಒತ್ತಡ ಬಂದಿತ್ತು. ಪೊಲಾರ್ಡ್ ನಂತರ ಇನ್ನೊಬ್ಬ ಕಪ್ಪು ಮುಖ್ಯ ತರಬೇತುದಾರ ಬರಲು 1989ರವರೆಗೆ ಕಾಯಬೇಕಾಯಿತು. ಅವರು ಆರ್ಟ್ ಶೆಲ್.

ಆಕ್ರನ್‌ನ ನೆರೆಯ ಕ್ಯಾಂಟನ್‌ನಲ್ಲಿ ಆಟದ ದಿಗ್ಗಜರನ್ನು ಸೇರಿಸಿಕೊಂಡು ಗೌರವಿಸುವ ವೃತ್ತಿಪರ ಫುಟ್‌ಬಾಲ್ ಗೌರವ ಭವನ 1963ರಲ್ಲೇ ತೆರೆಯಿತು. ಪೊಲಾರ್ಡ್ 1986ರವರೆಗೆ, 92 ವರ್ಷ ಬದುಕಿದ್ದರು. ಬದುಕಿದ್ದಾಗಲೇ ಸೇರಿಸಿಕೊಳ್ಳಲು 23 ವರ್ಷಗಳ ಅವಕಾಶವಿತ್ತು, ಸೇರಿಸಿಕೊಂಡದ್ದು 2005ರಲ್ಲಿ. ಇದನ್ನು ಮರೆವು ಎನ್ನಲು ನಾನು ಒಪ್ಪುವುದಿಲ್ಲ. ಅವರನ್ನು ಮೊದಲಿಗರೆಂದು ಒಪ್ಪಿಕೊಂಡರೆ, ಆಮೇಲಿನ ಅಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೂ ಲೀಗ್ ಉತ್ತರ ಕೊಡಬೇಕಾಗುತ್ತಿತ್ತು.

ಪಾಲ್ ರೋಬ್ಸನ್ ಅವರ ಆಟದ ದಿನಗಳ ಬಗ್ಗೆ ಇನ್ನೂ ಬಹಳ ಹೇಳುವುದಿದೆ. ಅದು ಮುಂದಿನ ಕಂತಿನಲ್ಲಿ.