ಎರಡು ವಿಮಾನ ನಿಲ್ದಾಣಗಳ ನಡುವೆ ಒಂದು ದಾರ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರ? ರೈಲಿನಲ್ಲಿ ಹೋಗುವವರು ಸುಮಾರು 470 ಕಿಲೋಮೀಟರ್ ಅಂತಾರೆ, ಕಾರಿನವರು 410 ಅಂತಾರೆ. ಗೋಕುಲ ರೋಡಿನ ನಮ್ಮ ವಿಮಾನ ನಿಲ್ದಾಣದಿಂದ ಅಲ್ಲಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 370ರ ಹತ್ತಿರ ಬರುತ್ತದೆ. ಮೂರೂ ಸರಿಯೇ. ಇಷ್ಟು ದೂರಕ್ಕೆ ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆದರೂ ದೊಡ್ಡ ತಪ್ಪೇನೂ ಆಗುವುದಿಲ್ಲ.

ಆದರೆ ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ ಅಲ್ವಾ? ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅದೇ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಗೆರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ಎಲ್ಲ ದಾಟಿಕೊಂಡು ಹೋಗುತ್ತದೆ. ಹತ್ತಿರದ ದಾರಿ ಅದಲ್ಲವೇ ಅಲ್ಲ. ಗುಂಡಗಿರುವ ಭೂಮಿಯನ್ನು ಹಾಳೆಯ ಮೇಲೆ ಚಪ್ಪಟೆ ಮಾಡಿದಾಗ ಉತ್ತರದ ಕಡೆ ಎಲ್ಲವೂ ಹಿಗ್ಗಿ ಕಾಣುತ್ತದೆ. ಆಫ್ರಿಕಾ ಗ್ರೀನ್‌ಲ್ಯಾಂಡ್‌ಗಿಂತ ಸುಮಾರು 14 ಪಟ್ಟು ದೊಡ್ಡದು, ಎಷ್ಟೋ ನಕ್ಷೆಗಳಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ!

ಅದಕ್ಕೇ ಒಂದು ಗ್ಲೋಬ್ ಮತ್ತು ಹೊಲಿಗೆ ದಾರ ತೆಗೆದುಕೊಳ್ಳಿ. ಮೊದಲು ಸಮಭಾಜಕದ ಮೇಲೆ ದಾರವನ್ನು ಒಂದು ಸುತ್ತು ಸುತ್ತಿ ಅಳೆದುಕೊಳ್ಳಿ. ಆ ಸುತ್ತು ಅಂದರೆ 40,000 ಕಿಲೋಮೀಟರ್. ಈಗ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬಿಗಿಯಾಗಿ ಎಳೆಯಿರಿ. ಸ್ಟ್ಯಾಂಡಿನ ಕಬ್ಬಿಣದ ಪಟ್ಟಿ ಅಡ್ಡ ಬಂದರೆ ಗ್ಲೋಬನ್ನು ಸ್ವಲ್ಪ ತಿರುಗಿಸಿಕೊಳ್ಳಿ. ಬಿಗಿಯಾದಂತೆ ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾದ ಮೇಲೆ ಕೂರುತ್ತದೆ. ಹತ್ತಿರದ ದಾರಿ ಇದೇ. ಸುತ್ತು 100 ಸೆಂಟಿಮೀಟರ್ ಇರುವ ಗ್ಲೋಬ್ ಆದರೆ ಇಷ್ಟು ದಾರ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಅಂದರೆ 14,000 ಕಿಲೋಮೀಟರ್.

ಕಂಪ್ಯೂಟರ್ ಮಾಡುವುದೂ ಇದನ್ನೇ, ದಾರದ ಬದಲು ಅಕ್ಷಾಂಶ ರೇಖಾಂಶಗಳ ಲೆಕ್ಕದಿಂದ. ಅಳತೆ ಟರ್ಮಿನಲ್ ಬಾಗಿಲಿನಿಂದ ಶುರುವಾಗುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಸಾಮಾನ್ಯವಾಗಿ ಅದರ ನಡುಭಾಗದಲ್ಲಿ ಗುರುತಿಸಿದ ಒಂದು ಬಿಂದು ಇರುತ್ತದೆ, ಲೆಕ್ಕವೆಲ್ಲ ಅಲ್ಲಿಂದಲೇ. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಹೋದರೂ ಸುಮಾರು 111 ಕಿಲೋಮೀಟರ್. ರೇಖಾಂಶದ ಡಿಗ್ರಿ ಹಾಗಲ್ಲ, ಹುಬ್ಬಳ್ಳಿಯಲ್ಲಿ 107, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 88, ಧ್ರುವದಲ್ಲಿ ಸೊನ್ನೆ.

ಇನ್ನು ವಿಮಾನ ನಿಜವಾಗಿ ಹಾರುವ ದೂರ. ಅದು ಬೇರೆಯೇ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲಿಂದ ಕಳಿಸಿತು. ದಾರಿ ಸುಮಾರು 1,400 ಕಿಲೋಮೀಟರ್ ಜಾಸ್ತಿಯಾಯಿತು, ಆದರೂ ವಿಮಾನ ಎರಡು ಗಂಟೆಯಷ್ಟು ಬೇಗ ತಲುಪಿತು! ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಪೂರ್ವಕ್ಕೆ ಹೊರಟ ವಿಮಾನವನ್ನು ಅದೇ ಹಿಂದಿನಿಂದ ತಳ್ಳುತ್ತದೆ. ಇದರ ಮೇಲೆ ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದರೆ ಸುತ್ತಿ ಹೋಗಲೇಬೇಕು. ಹಾಗಾಗಿ ಯಾರಾದರೂ ದೂರ ಹೇಳಿದರೆ ಅದು ದಾರದ ದೂರವೋ ಹಾರಿದ ದೂರವೋ ಅಂತ ಕೇಳಿಬಿಡಿ.

ಮೇಷ್ಟ್ರುಗಳಲ್ಲಿ, ಟೀಚರ್‌ಗಳಲ್ಲಿ ನನ್ನದೊಂದು ಬೇಡಿಕೆ. ಶಾಲೆಯ ಗ್ಲೋಬನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ, ಮಕ್ಕಳ ಕೈಗೆ ಕೊಡಿ, ಜೊತೆಗೆ ದಾರವನ್ನೂ ಕೊಡಿ. ಬೆಂಗಳೂರಿನಿಂದ ಲಂಡನ್‌ಗೆ ಅಳೆಯಲು ಹೇಳಿ. ಸುತ್ತಿನ ಐದನೇ ಒಂದು ಭಾಗ ಬಂದರೆ, ಅಂದರೆ 8,000 ಕಿಲೋಮೀಟರ್ ಬಂದರೆ, ಅಳತೆ ಸರಿಯಾಗಿದೆ.

ನಮಸ್ಕಾರ.