ಸಂತರು ಅಂದರೆ ಯಾರು?

ಕೇಳುಗರೇ, ನಮಸ್ಕಾರ.

ಮಂಗಳೂರಿನ ಹತ್ತಿರ ಮುಡಿಪು ಅಂತ ಒಂದು ಊರು. ಅಲ್ಲಿ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರವಿದೆ. ವಾಜ್ ಹುಟ್ಟಿದ್ದು 1651ರಲ್ಲಿ, ಗೋವಾದಲ್ಲಿ. 1681ರಿಂದ ಕೆಲವು ವರ್ಷ ನಮ್ಮ ಕರಾವಳಿಯಲ್ಲೇ ಪಾದ್ರಿಯಾಗಿ ಓಡಾಡಿದವರು. ತೀರಿಕೊಂಡದ್ದು 1711ರಲ್ಲಿ, ಶ್ರೀಲಂಕಾದ ಕ್ಯಾಂಡಿಯಲ್ಲಿ. ಅವರನ್ನು ಸಂತರೆಂದು ಪೋಪ್ ಫ್ರಾನ್ಸಿಸ್ ಸಾರಿದ್ದು 2015ರಲ್ಲಿ. ಹಾಗಾದರೆ ಆ ಮುನ್ನೂರು ವರ್ಷ ಅವರು ಸಂತರಾಗಿರಲಿಲ್ಲವೇ?

ಆಗಿದ್ದರು ಅನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆ. ಪೋಪ್ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ಇವರು ದೇವರ ಸನ್ನಿಧಿಯಲ್ಲಿದ್ದಾರೆ ಎಂದು ಜಗತ್ತಿಗೆ ತಿಳಿಸುತ್ತಾರೆ. ಅದಕ್ಕೆ ಮೊದಲು ಆ ವ್ಯಕ್ತಿಯ ಬದುಕನ್ನು, ಬರಹವನ್ನು ಜಾಲಾಡುತ್ತಾರೆ. ಸಾಮಾನ್ಯವಾಗಿ ಎರಡು ಪವಾಡಗಳೂ ಬೇಕು. ವಾಜ್ ವಿಷಯದಲ್ಲಿ ಎರಡನೆಯ ಪವಾಡ ಬೇಡ ಅಂದರು ಫ್ರಾನ್ಸಿಸ್.

ನನಗಂತೂ ಪವಾಡಕ್ಕಿಂತ ದೊಡ್ಡದು 1697ರಲ್ಲಿ ಕ್ಯಾಂಡಿಯಲ್ಲಿ ನಡೆದದ್ದು. ಕ್ಯಾಥೊಲಿಕ್ ಪಾದ್ರಿಗಳನ್ನು ಬಿಟ್ಟುಕೊಳ್ಳದ ಡಚ್ಚರ ಕಣ್ಣು ತಪ್ಪಿಸಿ, ವೇಷ ಮರೆಸಿಕೊಂಡು ಆ ದ್ವೀಪಕ್ಕೆ ಹೋಗಿದ್ದ ವಾಜ್, ಪೋರ್ಚುಗೀಸರ ಗೂಢಚಾರ ಅನ್ನಿಸಿಕೊಂಡು ಕ್ಯಾಂಡಿಯಲ್ಲಿ ಸೆರೆವಾಸವನ್ನೂ ಕಂಡಿದ್ದರು. ಆಮೇಲೆ ಅದೇ ಊರಿಗೆ ಸಿಡುಬು ಬಂತು. ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಹೊರಗೆ ಹಾಕಿದರು. ವಾಜ್ ಮತ್ತು ಅವರ ಸೋದರಳಿಯ ಹೋಗಲಿಲ್ಲ. ಬಿದ್ದವರಿಗೆ ನೆರಳು ಮಾಡಿಕೊಟ್ಟರು, ಉಣ್ಣಿಸಿದರು, ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ನಿಮ್ಮದು ಯಾವ ಮತ ಅಂತ ಕೇಳಲಿಲ್ಲ.

ಆದರೆ ಬೈಬಲಿನ ಹೊಸ ಒಡಂಬಡಿಕೆ ತೆರೆದರೆ ಸಂತರು ಇನ್ನೂ ಹತ್ತಿರದಲ್ಲೇ ಸಿಗುತ್ತಾರೆ. ಊರೂರಿಗೆ ಯೇಸುವಿನ ಸಂದೇಶ ಸಾರಿದ ಪೌಲ ತನ್ನ ಪತ್ರಗಳಲ್ಲಿ ಫಿಲಿಪ್ಪಿ, ಕೊರಿಂಥ ಊರುಗಳ ಎಲ್ಲ ವಿಶ್ವಾಸಿಗಳನ್ನೂ ಸಂತರೆಂದೇ ಕರೆಯುತ್ತಾನೆ. ಕೊರಿಂಥದವರು ಸುಮ್ನೆ ಇದ್ದವರಲ್ಲ. ಗುಂಪು ಕಟ್ಟಿ ಜಗಳವಾಡಿದರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋದರು. ಅದಕ್ಕೆ ಪೌಲ ಚೆನ್ನಾಗಿ ಬೈದಿದ್ದಾನೆ. ಆದರೂ ದೇವರು ತನ್ನವರೆಂದು ಕರೆದ ಪವಿತ್ರ ಜನ ಅವರೇ. ಪ್ರೊಟೆಸ್ಟೆಂಟರು ಜಾಸ್ತಿ ಹಿಡಿದುಕೊಂಡದ್ದು ಈ ಅರ್ಥವನ್ನು. ಹಾಗಾಗಿ ಅವರು ತೀರಿಕೊಂಡ ಸಂತರಲ್ಲಿ ಬೇಡಿಕೊಳ್ಳುವುದಿಲ್ಲ, ನೇರ ದೇವರನ್ನೇ ಕೇಳುತ್ತಾರೆ.

ಕ್ಯಾಥೊಲಿಕರು ಸಂತರನ್ನು ಪೂಜಿಸುತ್ತಾರೆ ಅಂತ ಹಲವರು ಅಂದುಕೊಂಡಿದ್ದಾರೆ. ಅವರ ಪ್ರಾರ್ಥನೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಸಂತರ ಒಂದೊಂದು ಹೆಸರಿಗೂ ಜನ ಹೇಳುವುದು, ‘ನಮಗಾಗಿ ಪ್ರಾರ್ಥಿಸಿರಿ’ ಎಂದು. ಕಷ್ಟ ಬಂದಾಗ ಮನೆಯ ಹಿರಿಯರಿಗೆ ‘ನಮಗೋಸ್ಕರ ದೇವರಲ್ಲಿ ಬೇಡಿಕೊಳ್ಳಿ’ ಅನ್ನುತ್ತೇವಲ್ವಾ, ಹಾಗೆ. ಆರಾಧನೆ ದೇವರಿಗೆ ಮಾತ್ರ.

ಪೋಪ್ ಹೆಸರಿಸಿದವರಷ್ಟೇ ಸಂತರು ಅಂತ ಕ್ಯಾಥೊಲಿಕರೂ ಹೇಳುವುದಿಲ್ಲ. ನವೆಂಬರ್ 1 ಅವರಿಗೆ ಸಕಲ ಸಂತರ ಹಬ್ಬ. ಯಾವ ಪಟ್ಟಿಯನ್ನೂ ಸೇರದ, ಯಾವ ವಿಚಾರಣೆಯೂ ನಡೆಯದ ಅಮ್ಮಂದಿರು, ಕೂಲಿಯವರು, ದಾದಿಯರು ಎಲ್ಲರ ಹಬ್ಬವೂ ಅಂದೇ.

ನಮಸ್ಕಾರ.